ಒಪ್ಪಿಗೆ ಪತ್ರದ ಚರಿತ್ರೆ: ಕೊರೊನಾ ಕಾಲದಲ್ಲಿ ಬೆಂಗಳೂರು ಗ್ರಾಮಾಂತರದ ಶಾಲೆ ಮತ್ತು ಮನೆ

2020ರ ಮಾರ್ಚ್ ಎರಡನೇ ವಾರ. ರಾಜ್ಯದಲ್ಲಿ ಕೊರೊನಾದ ಮೊದಲ ಪ್ರಕರಣ ಖಚಿತವಾಗುವ ಹೊತ್ತಿಗೆ ಶಾಲೆ ಮುಚ್ಚುವ ಮೊದಲ ಆದೇಶಗಳು ಹೊರಬಿದ್ದವು. ಮೊದಲು ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ರಜೆ. ಅದರ ಬೆನ್ನಿಗೇ, ಮಾರ್ಚ್ 10ರಿಂದ, 5ನೇ ತರಗತಿವರೆಗಿನ ಎಲ್ಲ ಮಕ್ಕಳಿಗೆ ರಜೆ. ಆ ಆದೇಶ ಇಡೀ ರಾಜ್ಯಕ್ಕೆ ಅನ್ವಯಿಸಲಿಲ್ಲ. ಬೆಂಗಳೂರು ನಗರದ ಜತೆಗೆ ಅದರಲ್ಲಿ ಇದ್ದದ್ದು ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆ. ಪಕ್ಕದ ಕೋಲಾರ, ತುಮಕೂರು, ಚಿಕ್ಕಬಳ್ಳಾಪುರದ ಚಿಕ್ಕ ಮಕ್ಕಳು ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಮಕ್ಕಳು ಬ್ಯಾಗು ಮನೆಯಲ್ಲಿಟ್ಟಿದ್ದರು.

ಹೀಗೆ ಮನೆಗೆ ಹೋದ 1ರಿಂದ 5ನೇ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಲೆಕ್ಕ ಹಾಕಿದರೆ 594 ದಿನ. ಒಂದನೇ ತರಗತಿಯಲ್ಲಿ ಅ, ಆ ತಿದ್ದುತ್ತಿದ್ದ ಮಗು ಮರಳಿ ಬೆಂಚಿನ ಮೇಲೆ ಕೂತಾಗ ಮೂರನೇ ತರಗತಿಯಲ್ಲಿತ್ತು.

ಈ ಅವಧಿಯ ಬಗ್ಗೆ ಬಂದ ಬರಹಗಳಲ್ಲಿ ಹೆಚ್ಚಿನವು ಆನ್‌ಲೈನ್ ಪಾಠ, ಮೊಬೈಲು, ಕಲಿಕೆಯ ನಷ್ಟದ ಬಗ್ಗೆ ಇವೆ. ನಾವು ಇಲ್ಲಿ ಬೇರೊಂದು ಎಳೆ ಹಿಡಿಯುತ್ತಿದ್ದೇವೆ. ರೋಗದ ಬಗೆಗಿನ ಮುನ್ನೆಚ್ಚರಿಕೆಯ ಹೊಣೆ ಯಾರ ಮೇಲಿತ್ತು? ಮೊದಲು ಸರ್ಕಾರದ ಮೇಲಿದ್ದ ಹೊಣೆ ಮೆಲ್ಲಗೆ ಮನೆಯ ಹೊಸ್ತಿಲಿಗೆ ಬಂದು ಕೂತದ್ದು ಹೇಗೆ? ಆ ಬದಲಾವಣೆಯ ಗುರುತು ಒಂದು ಸಣ್ಣ ಹಾಳೆಯಲ್ಲಿದೆ. ಅದರ ಹೆಸರು ಪೋಷಕರ ಒಪ್ಪಿಗೆ ಪತ್ರ.

ಹೆಸರಿನಲ್ಲಿ ಗ್ರಾಮಾಂತರ

ಹೊರಗಿನವರಿಗೆ ಈ ಜಿಲ್ಲೆಯ ಸ್ವಭಾವ ಸುಲಭವಾಗಿ ತಿಳಿಯುವುದಿಲ್ಲ. 1986ರಲ್ಲಿ ಹಳೆಯ ಬೆಂಗಳೂರು ಜಿಲ್ಲೆಯನ್ನು ಒಡೆದು ನಗರ, ಗ್ರಾಮಾಂತರ ಎಂದು ಎರಡು ಮಾಡಿದರು. 2007ರಲ್ಲಿ ರಾಮನಗರ ಬೇರೆ ಜಿಲ್ಲೆಯಾದ ಮೇಲೆ ಗ್ರಾಮಾಂತರಕ್ಕೆ ಉಳಿದದ್ದು ನಾಲ್ಕೇ ತಾಲ್ಲೂಕು. ಅವು ರಾಜಧಾನಿಯ ಉತ್ತರ ಭಾಗವನ್ನು ಕುಡುಗೋಲಿನಂತೆ ಬಳಸಿಕೊಂಡಿವೆ.

ದೇವನಹಳ್ಳಿ ತಾಲ್ಲೂಕಿನಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ಅದೇ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯಿದೆ, ಸುತ್ತ ದ್ರಾಕ್ಷಿ ಚಪ್ಪರಗಳಿವೆ. ದೊಡ್ಡಬಳ್ಳಾಪುರದ ಓಣಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು, ಊರಾಚೆಯ ಬಾಶೆಟ್ಟಿಹಳ್ಳಿಯಲ್ಲಿ ಕಾರ್ಖಾನೆಗಳು. ಹೊಸಕೋಟೆಯ ಪಿಳ್ಳಗುಂಪೆಯಲ್ಲಿ, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ ಕೈಗಾರಿಕಾ ಪ್ರದೇಶಗಳು. ಊರಲ್ಲಿ ಡೈರಿಗೆ ಹಾಲು ಹಾಕಿ, ಬೆಳಗಿನ ಶಿಫ್ಟಿಗೆ ಗಾರ್ಮೆಂಟ್ಸ್ ವ್ಯಾನು ಹತ್ತುವ ತಾಯಂದಿರ ಜಿಲ್ಲೆ ಇದು. ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುವವರು, ಗೋದಾಮಿನಲ್ಲಿ ಲೋಡು ಇಳಿಸುವವರು, ಉತ್ತರ ಕರ್ನಾಟಕದಿಂದಲೂ ಬಿಹಾರ, ಒಡಿಶಾದಿಂದಲೂ ಬಂದು ಶೆಡ್ಡುಗಳಲ್ಲಿ ಇರುವವರು, ಎಲ್ಲರ ಮಕ್ಕಳೂ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದೇ ಹಾಜರಿ ಪುಸ್ತಕದಲ್ಲಿದ್ದಾರೆ.

ಹೀಗಾಗಿ ಸೋಂಕು ತಡೆಯುವ ಆದೇಶ ಬಂದಾಗಲೆಲ್ಲ ನಮ್ಮ ಜಿಲ್ಲೆ ನಗರದ ಜತೆ ಸೇರುತ್ತಿತ್ತು. 2020ರ ಮಾರ್ಚ್‌ನಲ್ಲಿ ಸೇರಿತು. ಅದೇ ವರ್ಷದ ಜುಲೈ 14ರ ರಾತ್ರಿಯಿಂದ 22ರ ಬೆಳಗಿನವರೆಗೆ ಬೆಂಗಳೂರು ನಗರ ಮತ್ತು ಗ್ರಾಮಾಂತರ ಎರಡಕ್ಕೂ ಲಾಕ್‌ಡೌನ್ ಹೇರಿದಾಗಲೂ ಸೇರಿತು. ಆದರೆ ಪಾಠ ಮನೆಗೆ ಬರಬೇಕಾದಾಗ, ಅಂದರೆ ನೆಟ್‌ವರ್ಕು, ಸ್ಮಾರ್ಟ್‌ಫೋನು ಬೇಕಾದಾಗ, ನಾವು ಪಕ್ಕಾ ಹಳ್ಳಿಯವರು. ಮುಚ್ಚುವ ಲೆಕ್ಕಕ್ಕೆ ಬೆಂಗಳೂರು, ಸವಲತ್ತಿನ ಲೆಕ್ಕಕ್ಕೆ ಗ್ರಾಮಾಂತರ. ಮುಂದಿನ ಸಂಗತಿಗಳನ್ನು ಓದುವಾಗ ಇದು ನೆನಪಿನಲ್ಲಿರಲಿ.

ಒಪ್ಪಿಗೆ ಕೇಳದ ಕಾಲ

ಸಾಂಕ್ರಾಮಿಕ ರೋಗ ಬಂದಾಗ ಸರ್ಕಾರ ಕುಟುಂಬಗಳ ಜತೆ ಹೇಗೆ ನಡೆದುಕೊಂಡಿತು ಎಂಬುದಕ್ಕೆ ಈ ನೆಲದಲ್ಲಿ ಹಳೆಯ ಉದಾಹರಣೆಯೂ ಇದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. 1898ರ ಆಗಸ್ಟ್‌ನಲ್ಲಿ ಪ್ಲೇಗು ರೈಲಿನ ದಾರಿ ಹಿಡಿದು ಬೆಂಗಳೂರಿಗೂ ಬಂತು. ಆಗ ನಮ್ಮ ನಾಲ್ಕೂ ತಾಲ್ಲೂಕುಗಳು ಮೈಸೂರು ಸಂಸ್ಥಾನದ ಬೆಂಗಳೂರು ಜಿಲ್ಲೆಯಲ್ಲಿದ್ದವು. ಸಂಸ್ಥಾನ ವಿ.ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ಸೋಂಕಿತರನ್ನೂ ಅವರ ಮನೆಯವರನ್ನೂ ಬೇರೆ ಬೇರೆ ಶಿಬಿರಗಳಿಗೆ ಸಾಗಿಸುವುದು, ಮನೆಗಳಿಗೆ ಔಷಧ ಸಿಂಪಡಿಸುವುದು, ಹೆಂಚು ತೆಗೆಸಿ ಬಿಸಿಲು ಬೀಳಿಸುವುದು, ಇವೆಲ್ಲ ಆಗಿನ ಕ್ರಮಗಳು. ಯಾರ ಸಹಿಯನ್ನೂ ಕೇಳುತ್ತಿರಲಿಲ್ಲ. ಜನ ಹೆದರಿ ರೋಗವನ್ನೇ ಮುಚ್ಚಿಡುತ್ತಿದ್ದರು.

ಹಳ್ಳಿಯವರು ತಮ್ಮದೇ ಮುನ್ನೆಚ್ಚರಿಕೆಯೊಂದನ್ನು ಕಂಡುಕೊಂಡಿದ್ದರು. ಇಲಿ ಬೀಳಲು ಶುರುವಾದರೆ ಊರು ಬಿಡುವುದು. ಹೊಲದಲ್ಲೋ ತೋಪಿನಲ್ಲೋ ಗುಡಿಸಲು ಹಾಕಿಕೊಂಡು, ರೋಗ ಇಳಿದ ಮೇಲೆ ಮನೆಗೆ ಮರಳುವುದು. ಕೆಲವು ಊರುಗಳಲ್ಲಿ ಅಜ್ಜ-ಅಜ್ಜಿಯರ ಬಾಯಲ್ಲಿ ಈ ಕಥೆ ಇನ್ನೂ ಇದೆ. ಬೆಂಗಳೂರಿನಲ್ಲಿ ಪ್ಲೇಗಿನ ಮಾರಮ್ಮನ ಗುಡಿಯೂ ಇದೆ. ಕ್ರಮೇಣ ಸರ್ಕಾರವೂ ಈ ಊರು ಬಿಡುವ ಪದ್ಧತಿಗೆ ಬೆಂಬಲ ಕೊಟ್ಟಿತು. ಬಲವಂತಕ್ಕಿಂತ ಜನರ ತಿಳಿವಳಿಕೆಯ ಜತೆ ಕೈಜೋಡಿಸುವುದು ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದು ಆಗ ಸಿಕ್ಕ ಪಾಠ.

2020ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಕೋವಿಡ್ ನಿಯಮಾವಳಿ ಹೊರಡಿಸಿದ್ದು ಅದೇ 1897ರ ಕಾಯ್ದೆಯ ಬಲದಿಂದ. ಕಾಯ್ದೆ ಹಳೆಯದು, ಆದರೆ ಈ ಸಲ ನಡೆದದ್ದು ಬೇರೆಯೇ. ಪ್ಲೇಗಿನ ಕಾಲದಲ್ಲಿ ಸರ್ಕಾರ ಎಲ್ಲವನ್ನೂ ಬಲವಂತದಿಂದ ಮಾಡಿತು. ಕೊರೊನಾ ಕಾಲದಲ್ಲಿ ಬಲವಂತದಿಂದ ಶುರುವಾದದ್ದು ಕೊನೆಗೆ 'ನಿಮ್ಮ ಇಷ್ಟ, ನಿಮ್ಮ ಜವಾಬ್ದಾರಿ' ಎನ್ನುವಲ್ಲಿಗೆ ಬಂದು ನಿಂತಿತು.

ಹೊಣೆ ಹೊತ್ತಾಗ ಸಾಧ್ಯವಾದದ್ದು

ಮಾರ್ಚ್ 24ರ ಮಧ್ಯರಾತ್ರಿಯಿಂದ ದೇಶವೇ ಮುಚ್ಚಿತು. ಬಹುತೇಕ ಮಕ್ಕಳು ವಾರ್ಷಿಕ ಪರೀಕ್ಷೆ ಇಲ್ಲದೆಯೇ ಮುಂದಿನ ತರಗತಿಗೆ ಹೋದರು. ಉಳಿದದ್ದು ಎಸ್ಸೆಸ್ಸೆಲ್ಸಿ. ಮಾರ್ಚ್ 27ರಿಂದ ನಡೆಯಬೇಕಿದ್ದ ಪರೀಕ್ಷೆ ಮುಂದಕ್ಕೆ ಹೋಗಿ, ಜೂನ್ 25ರಂದು ಶುರುವಾಗಿ ಜುಲೈ ಮೊದಲ ವಾರದಲ್ಲಿ ಮುಗಿಯಿತು. ನೋಂದಾಯಿಸಿದ್ದ ಮಕ್ಕಳು ರಾಜ್ಯದಲ್ಲಿ ಸುಮಾರು 8.48 ಲಕ್ಷ. ಪರೀಕ್ಷೆ ಬೇಡ ಎಂದು ನ್ಯಾಯಾಲಯದ ಮೆಟ್ಟಿಲು ಹತ್ತಿದವರೂ ಇದ್ದರು. ನೆರೆಯ ತಮಿಳುನಾಡು, ತೆಲಂಗಾಣ ಹತ್ತನೇ ತರಗತಿ ಪರೀಕ್ಷೆಯನ್ನು ರದ್ದು ಮಾಡಿದ್ದವು. ಕರ್ನಾಟಕ ನಡೆಸಿಯೇ ತೀರುವುದಾಗಿ ನಿಂತಿತು.

ನಡೆಸಿದ್ದು ಸರಿಯೋ ತಪ್ಪೋ ಎಂಬ ವಾದ ಬೇರೆ. ನಮಗೆ ಮುಖ್ಯವಾದದ್ದು ಅದನ್ನು ನಡೆಸಿದ ರೀತಿ. ಪ್ರತಿ ಕೊಠಡಿಯಲ್ಲಿ ಮಕ್ಕಳ ಸಂಖ್ಯೆ ಇಳಿಸಿದರು. ಬಾಗಿಲಲ್ಲಿ ಜ್ವರ ನೋಡಿದರು. ಮಾಸ್ಕ್ ಹಂಚಲು ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆ ಕೈಜೋಡಿಸಿತು. ಕಂಟೈನ್‌ಮೆಂಟ್ ವಲಯದಿಂದ ಬಂದ ಮಕ್ಕಳಿಗೂ ಹುಷಾರಿಲ್ಲದ ಮಕ್ಕಳಿಗೂ ಬೇರೆ ಕೊಠಡಿ. ಹಾಸ್ಟೆಲ್ ಬಿಟ್ಟು ಊರು ಸೇರಿದವರಿಗೆ ಇದ್ದಲ್ಲೇ ಹತ್ತಿರದ ಕೇಂದ್ರದಲ್ಲಿ ಬರೆಯುವ ಅವಕಾಶ. ಬಸ್ಸಿಲ್ಲದ ಊರುಗಳಿಂದ ಮಕ್ಕಳನ್ನು ಕರೆತರಲು ವಾಹನ. ಪರೀಕ್ಷೆ ಮುಗಿದಾಗ ಇಡೀ ರಾಜ್ಯದಲ್ಲಿ 32 ವಿದ್ಯಾರ್ಥಿಗಳಿಗೆ ಸೋಂಕು ಕಂಡುಬಂದಿದೆ ಎಂದೂ, 80 ಮಂದಿ ಮನೆಯಲ್ಲಿ ಕ್ವಾರಂಟೈನ್‌ನಲ್ಲಿದ್ದಾರೆ ಎಂದೂ ಸರ್ಕಾರ ಲೆಕ್ಕ ಕೊಟ್ಟಿತು. ಆಗಸ್ಟ್ 10ರಂದು ಫಲಿತಾಂಶ ಬಂದಾಗ ಜಿಲ್ಲೆಗಳ ಪಟ್ಟಿಯಲ್ಲಿ ಚಿಕ್ಕಬಳ್ಳಾಪುರ ಮೊದಲು, ನಮ್ಮ ಬೆಂಗಳೂರು ಗ್ರಾಮಾಂತರ ಎರಡನೆಯದು.

ಇಲ್ಲಿ ಗಮನಿಸಬೇಕಾದದ್ದು ಒಂದೇ. ಆ ಹತ್ತು ದಿನ ಮುನ್ನೆಚ್ಚರಿಕೆಯ ಹೊಣೆ ಸರ್ಕಾರದ್ದಾಗಿತ್ತು. ಮಾಸ್ಕ್, ವಾಹನ, ಕೊಠಡಿ ಎಲ್ಲವೂ ಸರ್ಕಾರದ ಪಟ್ಟಿಯಲ್ಲಿತ್ತು, ಸೋಂಕಿತರ ಲೆಕ್ಕವನ್ನೂ ಸರ್ಕಾರವೇ ಸಾರ್ವಜನಿಕರ ಮುಂದಿಟ್ಟಿತು. ತಪ್ಪಾಗಿದ್ದರೆ ಯಾರನ್ನು ಕೇಳಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು.

ಬಿಸಿಯೂಟ ಹೋಗಿ ರೇಷನ್ ಬಂತು

ಶಾಲೆ ಮುಚ್ಚಿದಾಗ ಪಾಠಕ್ಕಿಂತ ಮೊದಲು ನಿಂತದ್ದು ಊಟ. ಮಾರ್ಚ್ 18ರಂದು ಸುಪ್ರೀಂ ಕೋರ್ಟ್ ತಾನಾಗಿಯೇ ಈ ವಿಷಯ ಕೈಗೆತ್ತಿಕೊಂಡು, ಶಾಲೆ ಮುಚ್ಚಿದರೂ ಮಕ್ಕಳ ಊಟ ತಪ್ಪಬಾರದೆಂದು ರಾಜ್ಯಗಳನ್ನು ಎಚ್ಚರಿಸಿತು. ಅಕ್ಷರ ದಾಸೋಹದ ಅಡುಗೆಮನೆಗಳು ಬೀಗ ಹಾಕಿಕೊಂಡಿದ್ದರಿಂದ ಅಕ್ಕಿ, ಬೇಳೆಯನ್ನೇ ಮನೆಗೆ ಕೊಡುವ ವ್ಯವಸ್ಥೆ ಬಂತು. ದಿನಕ್ಕೆ ಪ್ರಾಥಮಿಕ ತರಗತಿಯ ಮಗುವಿಗೆ 100 ಗ್ರಾಂ, ಹಿರಿಯ ಪ್ರಾಥಮಿಕದ ಮಗುವಿಗೆ 150 ಗ್ರಾಂ ಧಾನ್ಯ ಎಂಬ ಹಳೆಯ ಅಳತೆಯನ್ನೇ ದಿನಗಳ ಲೆಕ್ಕದಲ್ಲಿ ಗುಣಿಸಿ ಚೀಲಕ್ಕೆ ತುಂಬಿದರು.

ಕಾಗದದಲ್ಲಿ ಎರಡೂ ಒಂದೇ ಅಳತೆ. ಆದರೆ ಶಾಲೆಯಲ್ಲಿ ಬಡಿಸಿದ ಊಟ ಆ ಮಗುವಿನ ಹೊಟ್ಟೆಗೇ ಹೋಗುತ್ತದೆ. ಮನೆಗೆ ಬಂದ ಅಕ್ಕಿ ಎಲ್ಲರ ತಟ್ಟೆಗೂ ಹೋಗುತ್ತದೆ, ಹೋಗಲೇಬೇಕು. ಮಗ್ಗ ನಿಂತು, ಕಾರ್ಖಾನೆ ಮುಚ್ಚಿ, ಹೂವು-ತರಕಾರಿ ಕೊಳ್ಳುವವರಿಲ್ಲದೆ ಹೊಲದಲ್ಲೇ ಕೊಳೆಯುತ್ತಿದ್ದ ದಿನಗಳಲ್ಲಿ ಮಗುವಿನ ಪಾಲೆಂದು ಯಾರು ಪ್ರತ್ಯೇಕ ಅನ್ನ ಮಾಡುತ್ತಾರೆ? 2013ರಿಂದ ಕ್ಷೀರಭಾಗ್ಯದಲ್ಲಿ ಸಿಗುತ್ತಿದ್ದ ಬಿಸಿ ಹಾಲೂ ನಿಂತಿತು. ಮಗುವಿಗೆ ಊಟ ಉಣ್ಣಿಸುವ ಹೊಣೆ ಶಾಲೆಯಿಂದ ಮನೆಗೆ ಹೋಯಿತು. ಮುನ್ನೆಚ್ಚರಿಕೆಯ ಹೊಣೆಯೂ ಹೀಗೇ ಕೈ ಬದಲಾಗಲಿದೆ ಎಂಬುದಕ್ಕೆ ಇದು ಮೊದಲ ಸೂಚನೆ ಎಂದು ಈಗ ಹಿಂತಿರುಗಿ ನೋಡಿದರೆ ಅನ್ನಿಸುತ್ತದೆ.

ಅಡುಗೆ ಮಾಡುತ್ತಿದ್ದ ತಾಯಂದಿರ ಮಾತೂ ಇಲ್ಲಿ ಬರಬೇಕು. ಆಗ ಮುಖ್ಯ ಅಡುಗೆಯವರಿಗೆ ತಿಂಗಳಿಗೆ 2,700 ರೂಪಾಯಿ, ಸಹಾಯಕಿಯರಿಗೆ 2,600 ರೂಪಾಯಿ ಗೌರವಧನ. ಹೆಸರೇ ಗೌರವಧನ, ಸಂಬಳವಲ್ಲ. ಯಾವ ಮಗು ಎಷ್ಟು ಉಣ್ಣುತ್ತದೆ, ಯಾವುದು ಹುಷಾರಿಲ್ಲದೆ ತಟ್ಟೆ ಬಿಡುತ್ತದೆ ಎಂದು ದಿನಾ ಕಣ್ಣಾರೆ ನೋಡುತ್ತಿದ್ದವರು ಇವರೇ. ಮುನ್ನೆಚ್ಚರಿಕೆಯ ಸುತ್ತೋಲೆಗಳಲ್ಲಿ ಇವರ ಈ ತಿಳಿವಳಿಕೆಗೆ ಜಾಗ ಸಿಗಲಿಲ್ಲ.

ಅರಳಿಕಟ್ಟೆಯ ಶಾಲೆ

2020ರ ಜುಲೈನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಸೇತುಬಂಧ ಪಾಠಗಳು ಶುರುವಾದವು. ಆಗಸ್ಟ್‌ನಲ್ಲಿ ಬಂದದ್ದು ವಿದ್ಯಾಗಮ. ಮಕ್ಕಳು ಶಾಲೆಗೆ ಬರುವಂತಿಲ್ಲದಿದ್ದರೆ ಮೇಷ್ಟ್ರೇ ಮಕ್ಕಳಿದ್ದಲ್ಲಿಗೆ ಹೋಗುವುದು ಇದರ ತಿರುಳು. ಇಂಟರ್‌ನೆಟ್ ಇರುವ ಫೋನಿನವರು, ಬರೀ ಮಾತಾಡುವ ಫೋನಿನವರು, ಯಾವ ಫೋನೂ ಇಲ್ಲದವರು ಎಂದು ಮಕ್ಕಳನ್ನು ಮೂರು ಬಗೆಯಾಗಿ ಗುರುತಿಸಿ, ಇಪ್ಪತ್ತು-ಇಪ್ಪತ್ತೈದು ಮಕ್ಕಳ ಗುಂಪು ಮಾಡಿದರು. ಅರಳಿಕಟ್ಟೆ, ದೇವಸ್ಥಾನದ ಜಗಲಿ, ಸಮುದಾಯ ಭವನ, ಹುಣಸೆಮರದ ನೆರಳು ಎಲ್ಲವೂ ತರಗತಿಗಳಾದವು.

ಹತ್ತೊಂಬತ್ತನೇ ಶತಮಾನದ ಕೂಲಿಮಠಗಳೂ ಹೀಗೇ ಜಗಲಿಯ ಮೇಲೆ ನಡೆಯುತ್ತಿದ್ದವು. ಸರ್ಕಾರಿ ಶಾಲೆ ತನ್ನ ಕಟ್ಟಡ ಬಿಟ್ಟು ಮತ್ತೆ ಜಗಲಿಗೆ ಬಂದದ್ದು ವಿಚಿತ್ರ. ಆದರೆ ಒಂದು ಲಾಭವೂ ಇತ್ತು. ಶಾಲೆ ನಡೆಯುವುದು ಎಲ್ಲರ ಕಣ್ಣೆದುರಿಗೆ. ಯಾವ ಮನೆಯಲ್ಲಿ ಜ್ವರವಿದೆ, ಯಾರು ಮೊನ್ನೆ ಊರಿಂದ ಬಂದರು ಎಂಬುದು ಕಟ್ಟೆಯ ಮೇಲೆ ಕೂತವರಿಗೆ ತಿಳಿಯುತ್ತಿತ್ತು. ಆಶಾ ಕಾರ್ಯಕರ್ತೆ ಅದೇ ದಾರಿಯಲ್ಲಿ ಓಡಾಡುತ್ತಿದ್ದರು. ಮುನ್ನೆಚ್ಚರಿಕೆ ಊರಿನ ಮಾತುಕತೆಯ ಭಾಗವಾಗಿತ್ತು.

ಕಷ್ಟವೂ ಅಷ್ಟೇ ಇತ್ತು. ಸಮೀಕ್ಷೆ, ಚೆಕ್‌ಪೋಸ್ಟ್ ಮುಂತಾದ ಕೋವಿಡ್ ಕೆಲಸಕ್ಕೆ ಹಾಕಿದ್ದ ಶಿಕ್ಷಕರೇ ಇಲ್ಲೂ ಬೇಕು. ಕಟ್ಟೆಯ ಹತ್ತಿರ ಕೈ ತೊಳೆಯಲು ನಲ್ಲಿಯಿಲ್ಲ, ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲ. ಒಬ್ಬ ಶಿಕ್ಷಕಿ ಒಂದೇ ದಿನ ಹಲವು ಗುಂಪುಗಳ ನಡುವೆ ಓಡಾಡುವಾಗ ಸೋಂಕು ಹೊತ್ತೊಯ್ಯುವ ಭಯ ಬೇರೆ. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿಗಳು ರಾಜ್ಯದ ಬೇರೆ ಬೇರೆ ಕಡೆಯಿಂದ ಬಂದವು. ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಿತು, ತಿಂಗಳ ಕೊನೆಯವರೆಗೆ ಮಧ್ಯಂತರ ರಜೆ ಘೋಷಣೆಯಾಯಿತು.

ನಿಲ್ಲಿಸಿದ್ದು ಸುಲಭ. ನಲ್ಲಿ, ಶೌಚಾಲಯ, ಮಾಸ್ಕು, ಶಿಕ್ಷಕರಿಗೆ ನಿಯಮಿತ ತಪಾಸಣೆ ಒದಗಿಸಿ ಮುಂದುವರಿಸುವುದು ಕಷ್ಟ. ಎಸ್ಸೆಸ್ಸೆಲ್ಸಿಯ ಹತ್ತು ದಿನಕ್ಕೆ ಮಾಡಿದ ವ್ಯವಸ್ಥೆಯನ್ನು ಚಿಕ್ಕ ಮಕ್ಕಳಿಗಾಗಿ ತಿಂಗಳುಗಟ್ಟಲೆ ಮಾಡುವ ಮನಸ್ಸು ಕಾಣಲಿಲ್ಲ.

ಒಂದು ಹಾಳೆ, ಒಂದು ಸಹಿ

2020ರ ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಶಾಲೆಗಳೇ ಮತಗಟ್ಟೆ, ಶಿಕ್ಷಕರೇ ಮತಗಟ್ಟೆ ಅಧಿಕಾರಿಗಳು. ಮತ ಹಾಕಲು ಸಾಲು ನಿಂತ ಅಪ್ಪ-ಅಮ್ಮಂದಿರನ್ನು ಒಪ್ಪಿಗೆ ಪತ್ರ ಬರೆದುಕೊಡಿ ಎಂದು ಯಾರೂ ಕೇಳಲಿಲ್ಲ. ಅದಾದ ಐದೇ ದಿನಕ್ಕೆ, 2021ರ ಜನವರಿ 1ರಂದು, 10ನೇ ತರಗತಿ ಮತ್ತು ದ್ವಿತೀಯ ಪಿಯುಸಿ ಶುರುವಾದವು. 6ರಿಂದ 9ನೇ ತರಗತಿಯವರಿಗೆ ಶಾಲೆಯ ಆವರಣದಲ್ಲೇ ವಿದ್ಯಾಗಮ. ಅದೇ ಕಟ್ಟಡಕ್ಕೆ ಮಕ್ಕಳು ಬರಬೇಕಾದರೆ ಮಾತ್ರ ಪತ್ರ ಬೇಕಾಯಿತು.

ಆ ಪತ್ರದಲ್ಲಿ ಏನಿತ್ತು? ನನ್ನ ಮಗನನ್ನು ಅಥವಾ ಮಗಳನ್ನು ಶಾಲೆಗೆ ಕಳಿಸಲು ಒಪ್ಪಿಗೆಯಿದೆ; ಮಗುವಿಗೆ ಕೆಮ್ಮು, ಜ್ವರ, ನೆಗಡಿ ಮುಂತಾದ ಲಕ್ಷಣಗಳಿಲ್ಲ. ಇದರ ಜತೆಗೆ ಕುಡಿಯುವ ನೀರು ಮನೆಯಿಂದಲೇ ತರಬೇಕು ಎಂಬ ಸೂಚನೆ. ಹಾಜರಿ ಕಡ್ಡಾಯವಲ್ಲ ಎಂಬ ಮಾತು. ಓದಲು ಎಲ್ಲವೂ ಸೌಮ್ಯ. ಬಲವಂತವಿಲ್ಲ, ಇಷ್ಟವಿದ್ದವರು ಬನ್ನಿ ಎನ್ನುವ ಧಾಟಿ. ಸೋಂಕಿನ ಭಯವಿದ್ದ ಮನೆಗಳಿಗೆ, ವಯಸ್ಸಾದ ಅಜ್ಜಿಯೋ ಕಾಯಿಲೆಯ ತಾತನೋ ಇದ್ದ ಮನೆಗಳಿಗೆ ಇದು ಬೇಕಾದ ಸ್ವಾತಂತ್ರ್ಯವೂ ಹೌದು. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಪತ್ರದಲ್ಲಿ ಇಲ್ಲದ್ದು ಮುಖ್ಯ. ಶಾಲೆ ಏನು ಮಾಡುತ್ತದೆ ಎಂಬುದು ಅದರಲ್ಲಿರಲಿಲ್ಲ. ಕೊಠಡಿ ಸ್ವಚ್ಛ ಮಾಡಬೇಕು, ಅಂತರ ಇಡಬೇಕು, ಸೋಪು-ಸ್ಯಾನಿಟೈಸರ್ ಇಡಬೇಕು, ಹುಷಾರು ತಪ್ಪಿದ ಮಗುವಿಗೆ ಪ್ರತ್ಯೇಕ ಕೋಣೆ ಇರಬೇಕು ಎಂಬ ಸೂಚನೆಗಳು ಇದ್ದವು ನಿಜ. ಅವು ಇಲಾಖೆಯಿಂದ ಬಿಇಒಗೆ, ಬಿಇಒಯಿಂದ ಸಿಆರ್‌ಪಿಗೆ, ಅಲ್ಲಿಂದ ಮುಖ್ಯ ಶಿಕ್ಷಕರ ವಾಟ್ಸಾಪಿಗೆ ಇಳಿದ ಸುತ್ತೋಲೆಗಳು. ಪೋಷಕರ ಕೈಗೆ ಬಂದದ್ದು ಅವರು ಸಹಿ ಮಾಡಬೇಕಾದ ಹಾಳೆ ಮಾತ್ರ. ಶಾಲೆಯ ಕಡೆಯಿಂದ ಯಾರೂ ಸಹಿ ಹಾಕಿ, ಇಷ್ಟು ವ್ಯವಸ್ಥೆ ಮಾಡಿದ್ದೇವೆ, ಮಗುವಿಗೆ ಸೋಂಕು ತಗುಲಿದರೆ ತಪಾಸಣೆ, ಚಿಕಿತ್ಸೆ, ಮನೆಯವರ ಆರೈಕೆ ಹೀಗೆ ನಡೆಯುತ್ತದೆ ಎಂದು ಬರೆದುಕೊಡಲಿಲ್ಲ. ಒಂದೇ ಕಡೆಯವರು ರುಜು ಹಾಕುವ ಕರಾರು ಅದು.

ನಮ್ಮ ಜಿಲ್ಲೆಯ ಮನೆಯೊಳಗೆ ಆ ಹಾಳೆ ಹೇಗೆ ಕೆಲಸ ಮಾಡಿತು ಎಂದು ಯೋಚಿಸಿ. ಬೆಳಗ್ಗೆ ಏಳಕ್ಕೆ ತಾಯಿ ಕಾರ್ಖಾನೆಯ ವ್ಯಾನು ಹತ್ತಬೇಕು, ತಂದೆ ರಾತ್ರಿ ಪಾಳಿ ಮುಗಿಸಿ ಮಲಗಿರುತ್ತಾರೆ. ಮಗುವಿಗೆ ಜ್ವರವಿಲ್ಲ ಎಂದು ನೋಡುವವರು ಯಾರು? ಹೆಚ್ಚಿನ ಮನೆಗಳಲ್ಲಿ ಥರ್ಮಾಮೀಟರ್ ಇಲ್ಲ, ಹಣೆ ಮುಟ್ಟಿ ನೋಡುವುದೇ ಪರೀಕ್ಷೆ. ಓದು ಬರದ ಅಪ್ಪ-ಅಮ್ಮಂದಿರ ಪರವಾಗಿ ಪತ್ರ ಬರೆಯುವುದು ಮಗುವೇ. ದೊಡ್ಡವರು ಹೇಳಿದ ಕಡೆ ಸಹಿ ಹಾಕುತ್ತಾರೆ ಅಥವಾ ಹೆಬ್ಬೆಟ್ಟು ಒತ್ತುತ್ತಾರೆ. ಕೆಮ್ಮಿದೆ ಎಂದು ನಿಜ ಹೇಳಿದರೆ ಮಗು ಮನೆಯಲ್ಲೇ ಇರಬೇಕು, ಅದರ ಜತೆ ಯಾರಾದರೂ ಕೂಲಿ ಬಿಟ್ಟು ಕೂರಬೇಕು. ನಿಜ ಹೇಳುವುದಕ್ಕೆ ಬೆಲೆಯಿದೆ, ಆ ಬೆಲೆ ಕೊಡುವವರು ಮನೆಯವರೇ. ಪ್ಲೇಗಿನ ಕಾಲದಲ್ಲಿ ಶಿಬಿರಕ್ಕೆ ಹೆದರಿ ರೋಗ ಮುಚ್ಚಿಟ್ಟರು. ಈ ಸಲ ಕೂಲಿ ಹೋಗುತ್ತದೆಂಬ ಹೆದರಿಕೆ.

ಜನರಿಗೆ ಮಕ್ಕಳನ್ನು ಕಳಿಸಲು ಮನಸ್ಸಿರಲಿಲ್ಲವೇ? 2020ರ ಕೊನೆಯಲ್ಲಿ ಪ್ರಕಟವಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅಧ್ಯಯನವೊಂದು ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳಲ್ಲಿ ನಡೆದಿತ್ತು. ಮಕ್ಕಳ ಆರೋಗ್ಯಕ್ಕೆ ಬೇಕಾದ ಮುನ್ನೆಚ್ಚರಿಕೆ ತೆಗೆದುಕೊಂಡರೆ ಕಳಿಸಲು ಸಿದ್ಧ ಎಂದವರು ಸುಮಾರು ಶೇ 90ರಷ್ಟು ಪೋಷಕರು. ಅಂದರೆ ಪೋಷಕರ ಒಪ್ಪಿಗೆ ಮೊದಲೇ ಇತ್ತು, ಒಂದು ಷರತ್ತಿನ ಮೇಲೆ. ಒಪ್ಪಿಗೆ ಪತ್ರ ಆ ಒಪ್ಪಿಗೆಯನ್ನು ಬರೆಸಿಕೊಂಡಿತು, ಷರತ್ತನ್ನು ಬಿಟ್ಟಿತು.

ಮನೆಯವರ ಲಸಿಕೆಯೂ ಶಾಲೆಯ ಲೆಕ್ಕಕ್ಕೆ

ಫೆಬ್ರವರಿ 22ರಿಂದ 6ರಿಂದ 8ನೇ ತರಗತಿಗಳು ಪೂರ್ಣ ಪ್ರಮಾಣದಲ್ಲಿ ತೆರೆದಾಗ ಬಿಬಿಎಂಪಿ ವ್ಯಾಪ್ತಿಯನ್ನೂ ಕೇರಳದ ಗಡಿ ಭಾಗವನ್ನೂ ಹೊರಗಿಟ್ಟು, ಅಲ್ಲಿ 8ನೇ ತರಗತಿಗಷ್ಟೇ ಅವಕಾಶ ಕೊಟ್ಟರು. ಈ ಸಲ ನಮ್ಮ ಜಿಲ್ಲೆ ನಗರದಿಂದ ಬೇರೆಯಾಗಿತ್ತು. ಅಷ್ಟರಲ್ಲಿ ಎರಡನೇ ಅಲೆ ಬಂತು. ಏಪ್ರಿಲ್ 27ರಿಂದ ಮತ್ತೆ ರಾಜ್ಯವೇ ಬಂದ್. ಆ ಅಲೆಯಲ್ಲಿ ಮನೆಯ ಹಿರಿಯರನ್ನು, ಶಿಕ್ಷಕರನ್ನು ಕಳೆದುಕೊಂಡ ಊರುಗಳು ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿವೆ. 2021ರ ಎಸ್ಸೆಸ್ಸೆಲ್ಸಿಯನ್ನು ಜುಲೈ 19 ಮತ್ತು 22ರಂದು ಎರಡೇ ದಿನಕ್ಕೆ ಇಳಿಸಿ, ಸರಿ ಉತ್ತರಕ್ಕೆ ಗುರುತು ಹಾಕುವ ಮಾದರಿಯಲ್ಲಿ ನಡೆಸಿದರು.

ಆಗಸ್ಟ್ 23ರಂದು 9ರಿಂದ 12ನೇ ತರಗತಿಗಳು ತೆರೆದದ್ದು ಸೋಂಕಿನ ಪ್ರಮಾಣ ಶೇ 2ಕ್ಕಿಂತ ಕಡಿಮೆಯಿದ್ದ ಜಿಲ್ಲೆಗಳಲ್ಲಿ. ಬೆಂಗಳೂರು ಗ್ರಾಮಾಂತರವೂ ಅದರಲ್ಲಿತ್ತು. ಸೆಪ್ಟೆಂಬರ್ 6ರಿಂದ 6ರಿಂದ 8ನೇ ತರಗತಿ, ಅಕ್ಟೋಬರ್ 25ರಿಂದ 1ರಿಂದ 5, ನವೆಂಬರ್ 8ರಿಂದ ಅಂಗನವಾಡಿ ಮತ್ತು ಎಲ್‌ಕೆಜಿ, ಯುಕೆಜಿ. ಬಿಸಿಯೂಟ ಮತ್ತೆ ಶುರುವಾದದ್ದು ಅಕ್ಟೋಬರ್‌ನಲ್ಲಿ. ಪ್ರತಿ ಹಂತದಲ್ಲೂ ಒಪ್ಪಿಗೆ ಪತ್ರ ಮುಂದುವರಿಯಿತು.

ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮೈಕ್ರಾನ್ ಪ್ರಕರಣಗಳು ಕರ್ನಾಟಕದಲ್ಲೇ ಪತ್ತೆಯಾದವು. ಮರುದಿನ ಬಂದ ಮಾರ್ಗಸೂಚಿಯಲ್ಲಿ ಒಂದು ಹೊಸ ಸಾಲಿತ್ತು: ಶಾಲೆ-ಕಾಲೇಜಿಗೆ ಹೋಗುವ ಮಕ್ಕಳ ತಂದೆ-ತಾಯಿ ಎರಡೂ ಡೋಸ್ ಲಸಿಕೆ ಪಡೆದಿರಬೇಕು. ಅಲ್ಲಿಯವರೆಗೆ ಮಗುವಿನ ಜ್ವರಕ್ಕೆ ಮನೆಯವರು ಉತ್ತರ ಹೇಳುತ್ತಿದ್ದರು. ಈಗ ಮನೆಯವರ ತೋಳಿನ ಸೂಜಿಗೂ ಮಗುವಿನ ಬೆಂಚಿಗೂ ಗಂಟು ಬಿತ್ತು.

ಲಸಿಕೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇರುವುದು ದಾರಿಯ ಬಗ್ಗೆ. ಲಸಿಕೆ ಪಡೆಯದಿದ್ದವರಲ್ಲಿ ಹಟದಿಂದ ಬೇಡವೆಂದವರಿಗಿಂತ ಎರಡನೇ ಡೋಸಿಗೆ ಒಂದು ದಿನದ ಕೂಲಿ ಬಿಡಲಾಗದವರು, ಜ್ವರ ಬಂದರೆ ಮರುದಿನ ಕೆಲಸ ಹೋಗುತ್ತದೆಂದು ಹೆದರಿದವರು, ಹಳ್ಳಿಗೂ ಶೆಡ್ಡಿಗೂ ನಡುವೆ ಓಡಾಡುತ್ತ ದಿನಾಂಕ ತಪ್ಪಿಸಿಕೊಂಡವರು ಹೆಚ್ಚು. ಇವರ ಮಕ್ಕಳೇ ಶಾಲೆಯಿಂದ ಹೆಚ್ಚು ದೂರ ಉಳಿದಿದ್ದವರು. 2022ರ ಜನವರಿ 3ರಿಂದ 15ರಿಂದ 18 ವರ್ಷದೊಳಗಿನವರಿಗೆ ಶಾಲೆ-ಕಾಲೇಜುಗಳಲ್ಲೇ ಲಸಿಕೆ ಹಾಕತೊಡಗಿದಾಗ ಕೆಲಸ ಸಲೀಸಾಯಿತು. ಲಸಿಕೆ ಜನರಿದ್ದಲ್ಲಿಗೆ ಬಂದರೆ ಆಗುವ ಪರಿಣಾಮ ಅದು. ಅದೇ ಶಾಲೆಯ ಅಂಗಳದಲ್ಲಿ ಭಾನುವಾರ ಅಪ್ಪ-ಅಮ್ಮಂದಿರಿಗೂ ಲಸಿಕೆ ಹಾಕಿಸುವುದು ಪ್ರಮಾಣಪತ್ರ ಕೇಳುವುದಕ್ಕಿಂತ ಹತ್ತಿರದ ದಾರಿಯಾಗುತ್ತಿತ್ತು.

ಲೆಕ್ಕ ಮತ್ತು ಕಡತ

ಮನೆಯ ಮೇಲೆ ಹೊಣೆ ಬಿದ್ದದ್ದರ ಬೆಲೆ ಎಷ್ಟು? ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವೇ 2021ರ ಜನವರಿಯಲ್ಲಿ ಇನ್ನೊಂದು ಅಧ್ಯಯನ ಮಾಡಿತು. ಅದೇ ಐದು ರಾಜ್ಯಗಳ 44 ಜಿಲ್ಲೆಗಳಲ್ಲಿ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ನೋಡಿತು. 2ರಿಂದ 6ನೇ ತರಗತಿಯ ಈ ಮಕ್ಕಳಲ್ಲಿ ಶೇ 92ರಷ್ಟು ಮಂದಿ ಭಾಷೆಯಲ್ಲಿ, ಶೇ 82ರಷ್ಟು ಮಂದಿ ಗಣಿತದಲ್ಲಿ ಹಿಂದಿನ ವರ್ಷ ಗೊತ್ತಿದ್ದ ಕನಿಷ್ಠ ಒಂದು ಸಾಮರ್ಥ್ಯವನ್ನು ಮರೆತಿದ್ದರು. ಆಗಿನ್ನೂ 594 ದಿನಗಳಲ್ಲಿ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಕಳೆದಿತ್ತು. 2022ರ ಮೇ 16ರಂದು ಶಾಲೆಗಳನ್ನು ಬೇಗ ತೆರೆದು ಕಲಿಕಾ ಚೇತರಿಕೆ ಕಾರ್ಯಕ್ರಮ ಹಮ್ಮಿಕೊಂಡದ್ದು ಈ ನಷ್ಟ ತುಂಬಲೆಂದೇ.

ಕಲಿಕೆಯ ನಷ್ಟಕ್ಕೆ ಹೀಗೆ ಅಂಕಿಅಂಶವಿದೆ. ಮುನ್ನೆಚ್ಚರಿಕೆಯ ಚರಿತ್ರೆಗೆ ಇರುವುದು ಶಾಲೆಯ ಬೀರುವಿನ ಕಡತಗಳು. ವಿದ್ಯಾಗಮದ ಹಾಜರಿ ಪಟ್ಟಿ, ರೇಷನ್ ಹಂಚಿಕೆಯ ಸಹಿ ಪುಸ್ತಕ, ಸೋಪು-ಸ್ಯಾನಿಟೈಸರ್ ಖರೀದಿಯ ರಸೀದಿ, ಎಸ್‌ಡಿಎಂಸಿ ಸಭೆಯ ನಡಾವಳಿ, ಕಟ್ಟು ಕಟ್ಟಿಟ್ಟ ಒಪ್ಪಿಗೆ ಪತ್ರಗಳು. ಇವನ್ನು ಹಳೆಯ ಕಾಗದವೆಂದು ವಿಲೇವಾರಿ ಮಾಡುವ ಮೊದಲು ತಾಲ್ಲೂಕಿಗೊಂದು ಕಡೆಯಾದರೂ ಜೋಪಾನ ಮಾಡಬೇಕು. ಮಕ್ಕಳ ಹೆಸರು, ಮನೆಯ ವಿವರ ಹೊರಬೀಳದಂತೆ ಕಾಯ್ದುಕೊಂಡೇ ಅವನ್ನು ಓದಬಹುದು. ಎಷ್ಟು ಪೋಷಕರು ಒಪ್ಪಿದರು, ಎಷ್ಟು ಮಂದಿ ಒಪ್ಪಲಿಲ್ಲ, ಯಾವ ಊರಿನಲ್ಲಿ ನಲ್ಲಿ ಬಂತು, ಯಾವ ಊರಿನಲ್ಲಿ ಬರಲಿಲ್ಲ ಎಂಬುದು ಅಲ್ಲಿದೆ. ಬೀರಸಂದ್ರದ ಜಿಲ್ಲಾಡಳಿತ ಭವನದ ಆದೇಶಗಳನ್ನೂ ಈ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಆ ಎರಡು ವರ್ಷಗಳ ನಿಜವಾದ ಚರಿತ್ರೆ ಸಿಗುತ್ತದೆ.

ಇನ್ನೊಂದು ರೋಗ ಬಂದೇ ಬರುತ್ತದೆ. ಆಗಲೂ ಶಾಲೆ ತೆರೆಯುವ ಮುನ್ನ ಪೋಷಕರ ಮುಂದೆ ಹಾಳೆಯೊಂದು ಬರಬಹುದು. ಆ ಹಾಳೆಯಲ್ಲಿ ಎರಡು ಭಾಗ ಇರಲಿ. ಮೇಲಿನ ಅರ್ಧದಲ್ಲಿ ನೀರು, ಸೋಪು, ಶೌಚಾಲಯ, ಬಿಸಿಯೂಟ, ತಪಾಸಣೆ, ಮಗು ಹುಷಾರು ತಪ್ಪಿದರೆ ಮನೆಯವರಿಗೆ ಸಿಗುವ ನೆರವು ಎಲ್ಲವನ್ನೂ ಬರೆದು ಮುಖ್ಯ ಶಿಕ್ಷಕರೂ ಬಿಇಒ ಅವರೂ ಸಹಿ ಹಾಕಲಿ. ಕೆಳಗಿನ ಅರ್ಧದಲ್ಲಿ ಅಪ್ಪನೋ ಅಮ್ಮನೋ ಸಹಿ ಹಾಕುತ್ತಾರೆ. ಅದನ್ನು ಎಸ್‌ಡಿಎಂಸಿ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಲಿ, ಒಂದು ಪ್ರತಿ ಮನೆಗೆ ಹೋಗಲಿ.